ತೂಕ ಇಳಿಯದ ಬಾಟಲಿ

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಚಹಾ ಮಾಡಲು ಹೋಗುವವಳು ನಾನು. ನಂಬುವುದಿಲ್ಲವೆಂದು ಜಗಳವಾಡುವ ಉತ್ಸಾಹವೂ ನನಗಿರಲಿಲ್ಲ. ಮಾಪಕ ತೋರಿಸಿದ್ದು ನಿಜ, ನಿಜವಲ್ಲದಿದ್ದರೆ ಮಾಪಕ ಕೆಟ್ಟಿದೆ. ನನ್ನ ವೇದಾಂತ ಇಷ್ಟೇ ಇತ್ತು. ಆದರೆ ಕೆಲವು ವರ್ಷಗಳ ಹಿಂದೆ ಜೋಗೇಶ್ವರಿಯಲ್ಲಿ ಒಂದು ಮಧ್ಯಾಹ್ನ ನಡೆದದ್ದು ಈ ವೇದಾಂತಕ್ಕೆ ಇವತ್ತಿನವರೆಗೂ ಒಗ್ಗಿಲ್ಲ. ನೀವು ನಂಬಲೇಬೇಕು ಎಂದು ಹೇಳುತ್ತಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಮೊದಲು ನನ್ನ ಕೆಲಸದ ವಿಷಯ. ವಿಮಾನದ ಎಂಜಿನ್ನಿಗೆ ಬೆಂಕಿ ಬಿದ್ದರೆ ಪೈಲಟ್ ಒಂದು ಗುಂಡಿ ಒತ್ತುತ್ತಾನೆ. ಆಗ ಒಂದು ಬಾಟಲಿಯಿಂದ ಅನಿಲ ನುಗ್ಗಿ ಬೆಂಕಿಯನ್ನು ನಂದಿಸುತ್ತದೆ. ಬಹಳ ಕಾಲದಿಂದ ಬಳಕೆಯಲ್ಲಿರುವುದು ಹ್ಯಾಲೋನ್ ಎಂಬ ಅನಿಲ. ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ, ಆದರೆ ಓಝೋನ್ ಪದರಕ್ಕೆ ಅದು ಶತ್ರು. ಹಾಗಾಗಿ ಬದಲಿ ಅನಿಲಕ್ಕೆ ಎಲ್ಲೆಡೆ ಹುಡುಕಾಟ ನಡೆದಿದೆ. ನಮ್ಮ ಪ್ರಭಾಕರ ಸರ್ ಕೂಡ ಹುಡುಕುತ್ತಿದ್ದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ರಸಾಯನಶಾಸ್ತ್ರಜ್ಞರು. ಒಳ್ಳೆಯ ನೌಕರಿ ಬಿಟ್ಟು, ಜೋಗೇಶ್ವರಿಯಲ್ಲಿ ತಗಡಿನ ಮಾಡಿನ ಒಂದು ಗಾಳಾ, ಅಂದರೆ ಸಣ್ಣ ಕಾರ್ಖಾನೆಯ ಶೆಡ್ಡು, ಬಾಡಿಗೆ ಹಿಡಿದು, ಅದರೊಳಗೆ ಎಂಜಿನ್ ಕವಚದ ಮಾದರಿ ಕಟ್ಟಿಸಿದ್ದರು.

ಆ ಮಾದರಿಯೊಳಗೆ ದೊಡ್ಡ ಫ್ಯಾನಿನ ಗಾಳಿ, ಸಿಂಪಡಿಸುವ ಸೀಮೆಎಣ್ಣೆ, ಕಾದು ಕೆಂಪಗಾಗುವ ಒಂದು ಕೊಳವೆ. ಬೆಂಕಿ ಹಚ್ಚುವುದು, ಗುಂಡಿ ಒತ್ತಿ ಸರ್ ತಯಾರಿಸಿದ ಅನಿಲ ಬಿಡುವುದು, ಗಾಜಿನ ಕಿಂಡಿಯಿಂದ ನೋಡುವುದು, ಇದು ನಮ್ಮ ಪರೀಕ್ಷೆ. ಬೆಂಕಿ ಆರುವುದು ದೊಡ್ಡ ಮಾತಲ್ಲ. ಆರಿದ ಮೇಲೂ ಎಣ್ಣೆ ಬೀಳುತ್ತಲೇ ಇರುತ್ತದೆ, ಗಾಳಿ ಅನಿಲವನ್ನು ಹೊತ್ತುಕೊಂಡು ಹೋಗುತ್ತದೆ, ಕೊಳವೆ ಇನ್ನೂ ಕೆಂಪಗಿರುತ್ತದೆ. ಆಗಲೂ ಮತ್ತೆ ಹೊತ್ತಿಕೊಳ್ಳಬಾರದು. ನಮ್ಮದು ಪ್ರತಿ ಸಲವೂ ಹೊತ್ತಿಕೊಳ್ಳುತ್ತಿತ್ತು.

ನನ್ನ ಅವ್ವನಿಗೆ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. ನಾವು ವಿಜಯಪುರ ಕಡೆಯವರು, ಅಪ್ಪನ ಗಾರೆ ಕೆಲಸಕ್ಕೆಂದು ಘಾಟ್ಕೋಪರಿಗೆ ಬಂದು ನೆಲೆಸಿದವರು. ನಮ್ಮಲ್ಲಿ ದೀಪವನ್ನು ಊದುವುದಿಲ್ಲ, ಹೂವಿನಿಂದ ಮೆಲ್ಲಗೆ ಶಾಂತ ಮಾಡುತ್ತಾರೆ. "ದೀಪಾ ಆರಸು ಅಂತ ಬಾಯಾಗ ಸೈತ ಅನಬಾರದು. ನೀ ನೋಡಿದ್ರ ಪಗಾರ ತಗೊಂಡು ಬೆಂಕಿ ಆರಸ್ತೀ" ಎಂದು ನಾನು ಊಟದ ಡಬ್ಬಿ ಕಟ್ಟುವಾಗಲೆಲ್ಲ ಗೊಣಗುತ್ತಿದ್ದಳು.

ಅವ್ವನ ಪಕ್ಷದವರು ನಮ್ಮ ಗಾಳಾದಲ್ಲೂ ಒಬ್ಬರಿದ್ದರು. ವಾಸಣ್ಣ. ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅರ್ಧ ಆಯುಷ್ಯ ಭಟ್ಟಿಯ ಮುಂದೆ ಕಳೆದವರು. ಆ ಹೋಟೆಲು ಮುಚ್ಚಿದ ಮೇಲೆ ಅಲೆದೂ ಅಲೆದೂ ಕೊನೆಗೆ ನಮ್ಮಲ್ಲಿ ಎಣ್ಣೆಯ ವಾಲ್ವ್ ನೋಡಿಕೊಳ್ಳಲು ಸೇರಿದ್ದರು. ನಾನು ಗುಂಡಿಯ ಮೇಲೆ ಬೆರಳಿಟ್ಟ ಕೂಡಲೇ ಅವರು ಕಿಂಡಿಯ ಕಡೆ ಬಾಗಿ, "ಸಾಕು ಮಾರಾಯಾ ಉರಿದದ್ದು. ಇನ್ನು ಮಲಗು" ಎನ್ನುತ್ತಿದ್ದರು. ಹೋಟೆಲು ಮುಚ್ಚುವ ಹೊತ್ತಿಗೆ ಭಟ್ಟಿಗೆ ಹಾಗೆ ಹೇಳಿ ರೂಢಿಯಂತೆ.

"ವಾಸಣ್ಣಾ, ಅದಕ್ಕ ಕನ್ನಡ ತಿಳಿಯಂಗಿಲ್ಲ" ಎಂದು ನಾನು ಛೇಡಿಸಿದರೆ, "ನಿಮ್ಮ ಸರ್‌ನ ಕೆಮಿಸ್ಟ್ರಿ ಆದ್ರೂ ಎಲ್ಲಿ ತಿಳೀತದೆ ಅದಕ್ಕೆ?" ಎಂದು ಸರ್‌ಗೆ ಕೇಳುವಂತೆಯೇ ಹೇಳಿ ನಗುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ವಾಸಣ್ಣ ಎದೆನೋವೆಂದು ಆಸ್ಪತ್ರೆಗೆ ಸೇರಿದವರು ವಾಪಸ್ ಬರಲಿಲ್ಲ. ಅವರ ಕೆಲಸದ ಅಂಗಿ ವಾಲ್ವಿನ ಪಕ್ಕದ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಅದನ್ನು ತೆಗೆಯಲು ನನಗೂ ಮನಸ್ಸಾಗಲಿಲ್ಲ, ಸರ್‌ಗೂ ಆಗಲಿಲ್ಲ.

ಅಷ್ಟರಲ್ಲಿ ನಮ್ಮ ಖರ್ಚು ಹೊತ್ತಿದ್ದ ಕಂಪನಿಯವರು ಇನ್ನೊಂದೇ ಪರೀಕ್ಷೆ ಎಂದುಬಿಟ್ಟರು. ಬೆಂಕಿ ಮತ್ತೆ ಹೊತ್ತಿಕೊಂಡರೆ ಗಾಳಾ ಮುಚ್ಚಬೇಕು. ನಮಗೆಲ್ಲ ಅದು ಕೆಲಸದ ಪ್ರಶ್ನೆ, ಸರ್‌ಗೆ ಬದುಕಿನ ಪ್ರಶ್ನೆ. ಆ ದಿನ ಅವರು ಊಟ ಮಾಡಲಿಲ್ಲ. ವಾಸಣ್ಣನ ಜಾಗದಲ್ಲಿ ತಾವೇ ನಿಂತು ವಾಲ್ವ್ ತಿರುಗಿಸಿದರು. ಬೆಂಕಿ ಹೊತ್ತಿತು, ಕೊಳವೆ ಕೆಂಪಗಾಯಿತು. ನನ್ನ ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕಾಯಿತು. ಯಾವುದಕ್ಕೆ ಕಾಯುತ್ತಿತ್ತು ಎಂದು ಆಮೇಲೆ ಹೊಳೆಯಿತು. 'ಇನ್ನು ಮಲಗು' ಎನ್ನುವವರು ಅಲ್ಲಿರಲಿಲ್ಲ. ಗುಂಡಿ ಒತ್ತಿದೆ.

ಬೆಂಕಿ ತಗ್ಗಿತು. ಬೇರೆ ದಿನ ಅನಿಲ ನುಗ್ಗಿದರೆ ಜ್ವಾಲೆ ಹರಿದು ಚೂರಾಗುತ್ತಿತ್ತು, ಕಿಂಡಿಯೆಲ್ಲ ಬೆಳ್ಳಗೆ ಮಂಜಾಗುತ್ತಿತ್ತು. ಅವತ್ತು ಕಿಂಡಿ ತಿಳಿಯಾಗಿಯೇ ಇತ್ತು. ಜ್ವಾಲೆ ತುದಿಯಿಂದ ಕುಗ್ಗುತ್ತಾ ಬಂತು, ಅವ್ವ ಹೂವು ಮುಟ್ಟಿಸಿದ ದೀಪದ ಹಾಗೆ. ಆಮೇಲೆ ಇಲ್ಲವಾಯಿತು. ಕೆಂಪು ಕೊಳವೆಯ ಮೇಲೆ ಎಣ್ಣೆ ಬಿದ್ದು ಹೊಗೆಯಾಡುವುದು ನನಗೆ ಕಾಣುತ್ತಿತ್ತು, ಆದರೆ ಹೊತ್ತಿಕೊಳ್ಳಲಿಲ್ಲ.

"ಬಂತಾ? ವಾಪಸ್ ಬಂತಾ?" ಸರ್ ಫ್ಯಾನಿನ ಗದ್ದಲದಲ್ಲಿ ಕೂಗುತ್ತಿದ್ದರು.

"ಇಲ್ಲ ಸರ್!"

ಕೊಳವೆ ಕಪ್ಪಗಾಗುವವರೆಗೂ ಅವರು ವಾಲ್ವ್ ಮುಚ್ಚಲಿಲ್ಲ. ಮುಚ್ಚಿದ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಮಗುವಿನ ಹಾಗೆ ಅತ್ತರು. ಪೇಢೆ ತರಿಸಿದರು. ಮನೆಗೆ ಫೋನ್ ಮಾಡಿದರು.

ನಾನು ಬಾಟಲಿ ಬಿಚ್ಚಲು ಹಿಂದಕ್ಕೆ ಹೋದೆ. ಅನಿಲ ಹೊರಬಿದ್ದ ಬಾಟಲಿ ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ, ಮೈಯೆಲ್ಲ ಬೆವರಿರುತ್ತದೆ. ಇದು ಒಣಗಿತ್ತು. ಎತ್ತಿದರೆ ಭಾರ. ಒತ್ತಡ ತೋರಿಸುವ ಮುಳ್ಳು ನೋಡಿದೆ, ಬೆಳಿಗ್ಗೆ ನಿಂತಲ್ಲೇ ನಿಂತಿತ್ತು. ತಕ್ಕಡಿಗೆ ಹಾಕಿದೆ, ತೂಕ ಇಳಿದಿರಲಿಲ್ಲ. ಗುಂಡಿಯಿಂದ ಬರುವ ವೈರು ಮಳೆಯ ತೇವಕ್ಕೆ ತುಕ್ಕು ಹಿಡಿದು ಬುಡದಲ್ಲಿ ಕಳಚಿಕೊಂಡಿತ್ತು. ಬಾಟಲಿ ಬಾಯಿ ಬಿಟ್ಟೇ ಇರಲಿಲ್ಲ.

 ಒಳಗೆ ಸರ್ ಯಾರಿಗೋ ಪೇಢೆ ತಿನ್ನಿಸುವ ಸದ್ದು. ಸುಮ್ಮನಿದ್ದುಬಿಡಲೇ ಎನ್ನಿಸಿತು, ನಿಜ ಹೇಳುತ್ತೇನೆ. ಅಷ್ಟರಲ್ಲಿ ಯಾವತ್ತಿನಂತೆ ಒಂದು ವಿಮಾನ ತಗಡನ್ನು ನಡುಗಿಸುತ್ತ ನಮ್ಮ ತಲೆಯ ಮೇಲೆ ಹಾದುಹೋಯಿತು. ಬಾಟಲಿಯನ್ನು ಎದೆಗೆ ಅವಚಿಕೊಂಡು ಒಳಗೆ ಹೋದೆ.

"ಸರ್, ಬಾಟಲಿ ತುಂಬೇ ಇದೆ."

"ಮಜಾಕ್ ಮಾಡ್ಬೇಡಿ" ಎಂದು ನಕ್ಕವರು ನನ್ನ ಮುಖ ನೋಡಿ ನಿಲ್ಲಿಸಿದರು. ತಾವೇ ತಕ್ಕಡಿಗೆ ಇಟ್ಟರು, ಇಳಿಸಿದರು, ಮತ್ತೆ ಇಟ್ಟರು. ಎಣ್ಣೆಯ ತೊಟ್ಟಿ ನೋಡಿದರು. ಎಣ್ಣೆ ಇಳಿದಿತ್ತು, ಉರಿಯದೆ ಬಿದ್ದದ್ದು ಕೆಳಗಿನ ತಟ್ಟೆಯಲ್ಲಿ ನಿಂತಿತ್ತು. ಫ್ಯಾನು ಎಂದಿನಂತೆಯೇ ತಿರುಗಿತ್ತು.

"ಹಾಗಾದ್ರೆ ಮಲಗಿಸಿದ್ದು ಯಾರು?" ಎಂದರು. ಆರಿಸಿದ್ದು ಎನ್ನಲಿಲ್ಲ. ನಾವಿಬ್ಬರೂ ಮೊಳೆಯ ಕಡೆ ನೋಡಿದೆವು. ಅಂಗಿ ಅಲ್ಲಾಡಲಿಲ್ಲ, ಅಂಥದ್ದೇನೂ ನಡೆಯಲಿಲ್ಲ. ಸರ್, "ಈ ಟೆಸ್ಟ್ ಆಗಿಲ್ಲ ಅಂತ ಬರೀರಿ. ನಾಳೆ ಮತ್ತೆ ಮಾಡುವಾ" ಎಂದು ಪೇಢೆಯ ಡಬ್ಬಿ ಮುಚ್ಚಿದರು.

ಮರುದಿನ ವೈರು ಸರಿಮಾಡಿದೆವು. ಬಾಟಲಿ ಬಾಯಿಬಿಟ್ಟಿತು, ಮೈ ತಣ್ಣಗಾಯಿತು, ಬೆಂಕಿ ಆರಿತು. ಮರುಕ್ಷಣವೇ ಕೊಳವೆಯ ಮೇಲೆ ಮತ್ತೆ ಎದ್ದು ಕುಳಿತಿತು. ಆಮೇಲೆ ಅನಿಲವೇ ಇಲ್ಲದೆ ಹಲವು ಸಲ ಬೆಂಕಿ ಹಚ್ಚಿ ಕಾದೆವು. ಎಣ್ಣೆ ನಿಲ್ಲಿಸುವ ತನಕ ಉರಿಯಿತು. ಒಮ್ಮೆಯೂ ತಾನಾಗಿ ಮಲಗಲಿಲ್ಲ. ಬಲ್ಲವರನ್ನು ಕೇಳಿದರೆ ಎಣ್ಣೆ ಹೆಚ್ಚಾಗಿರಬಹುದು, ಗಾಳಿ ಹೆಚ್ಚಾಗಿರಬಹುದು ಎನ್ನುತ್ತಾರೆ. ಇರಬಹುದು.

ದೀಪಾವಳಿಗೆ ಮುಂಚೆ ಗಾಳಾ ಮುಚ್ಚಿತು. ವಾಸಣ್ಣನೇ ಮಾಡಿದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಅವರೇ ಆಗಿದ್ದರೆ, ಅವರು ನೋಡಿದ್ದು ನಮ್ಮ ಹೊಟ್ಟೆಯನ್ನು. ಭಟ್ಟಿ ತಣ್ಣಗಾದ ಮೇಲೆ ಮನುಷ್ಯ ಹೇಗೆ ಬೀದಿ ಅಲೆಯುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ನಾವು ನೋಡಬೇಕಾಗಿದ್ದದ್ದು ವಿಮಾನದಲ್ಲಿ ಕೂರುವವರನ್ನು. ವಾಸಣ್ಣ ಕೊಟ್ಟ ಗೆಲುವನ್ನು ತಕ್ಕಡಿಗೆ ಹಾಕಿ ವಾಪಸ್ ಕಳಿಸಿದೆವು.

ಸಾಮಾನು ಸಾಗಿಸುವ ದಿನ ಕೊನೆಗೆ ಉಳಿದದ್ದು ಮೊಳೆಯ ಮೇಲಿನ ಅಂಗಿ. ತೆಗೆದು ಮಡಚಿದೆ. ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತು. "ತಪ್ಪು ತಿಳೀಬ್ಯಾಡ ವಾಸಣ್ಣಾ" ಎಂದೆ, ಜೋರಾಗಿಯೇ. ಯಾರಿಗೆ ಹೇಳಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.