ಮೂರು ಸಾಫ್ಟ್‌ವೇರ್, ಒಂದು ಆಫರ್ ಲೆಟರ್

ಒಂದೇ ಪ್ರಶ್ನೆ ಕೇಳಿದೆ. ಮೂರು ಸಾಫ್ಟ್‌ವೇರ್‌ಗಳು ಮೂರು ಥರ ಉತ್ತರ ಕೊಟ್ಟವು. ಅವುಗಳಲ್ಲಿ ಒಂದು ಉತ್ತರ ನಮ್ಮ ಡೈರೆಕ್ಟರ್‌ಗೆ ಬಹಳ ಹಿಡಿಸಿತು. ನನ್ನ ತಲೆ ಕೆಟ್ಟಿದ್ದು ಅಲ್ಲಿಂದ.

ನನ್ನ ಕೆಲಸದ ಬಗ್ಗೆ ಆಗೀಗ ಇಲ್ಲಿ ಗೊಣಗಿದ್ದೇನೆ. ಮುಂಬೈಯ ಅಂಧೇರಿಯಲ್ಲಿ ಔಷಧಿ ಬಾಟಲಿ ತಯಾರಿಸುವ ಕಂಪನಿಯೊಂದರ ವಕೀಲೆ ನಾನು. ಕೋರ್ಟಿಗೆ ಹೋಗುವವಳಲ್ಲ, ಆಫೀಸಿನಲ್ಲೇ ಕುಳಿತು ಇದನ್ನು ಮಾಡಬಹುದು, ಅದನ್ನು ಮಾಡಬಾರದು ಎಂದು ಹೇಳುವವಳು. (ಹೇಳುವುದು ನನ್ನ ಕೆಲಸ. ಕೇಳುವುದು ಬಿಡುವುದು ಅವರಿಷ್ಟ.) ಹಾಗೆ ಹೇಳಬೇಕಾದರೆ ಇಂಥ ವಿಷಯದಲ್ಲಿ ಹಿಂದೆ ಯಾವ ಕೋರ್ಟು ಏನು ತೀರ್ಪು ಕೊಟ್ಟಿದೆ ಎಂದು ಹುಡುಕಬೇಕು. ಎಲ್ಲ ಓದಲು ಸಮಯ ಸಾಲುವುದಿಲ್ಲ, ಅದಕ್ಕೊಂದು ಒಳ್ಳೆಯ ಸಾಫ್ಟ್‌ವೇರ್ ಕೊಡಿಸಿ ಎಂದು ನಾನೇ ಗೋಗರೆದಿದ್ದೆ. ಕೊನೆಗೂ ಡೈರೆಕ್ಟರ್ ಸಾಹೇಬರು ಒಪ್ಪಿದರು. ಮೂರನ್ನು ಟ್ರಯಲ್ ನೋಡಿ, ಒಂದನ್ನು ಆರಿಸಿ ಅಂದರು.

ಸೀರೆ ಆರಿಸಲು ಹೋದರೇ ಗೊಂದಲವಾಗುವ ಹೆಂಗಸು ನಾನು. ಇನ್ನು ಇದು?

ಡೆಮೊ ಕೊಡಲು ಬಂದ ಮೂವರೂ ಒಂದೇ ಮಾತು ಹೇಳಿದರು. "ಮೇಡಂ, ಇನ್ನು ನಿಮ್ಮ ಲೈಫ್ ಈಸಿ." ಮೂವರ ಪರದೆಯೂ ನೀಲಿ. ಮೂವರೂ ತಮ್ಮದರಲ್ಲೇ ಅತಿ ಹೆಚ್ಚು ತೀರ್ಪುಗಳಿವೆ ಎಂದರು. ಮೂವರೂ ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ. ಸರಿ, ನಿಜವಾದ ಪ್ರಶ್ನೆಯೊಂದನ್ನೇ ಕೇಳಿ ಪರೀಕ್ಷಿಸೋಣ ಎಂದುಕೊಂಡೆ.

ನಿಜವಾದ ಪ್ರಶ್ನೆ ತಾನಾಗಿಯೇ ಬಂತು. ನಮ್ಮ ಎಚ್‌ಆರ್ ನೋಡಿಕೊಳ್ಳುವ ಕವಿತಾ ಬಾಗಿಲು ತಳ್ಳಿಕೊಂಡು ಬಂದಳು. ಲ್ಯಾಬ್‌ಗೆ ಸ್ನೇಹಾ ಎಂಬ ಹುಡುಗಿಯನ್ನು ಆರಿಸಿದ್ದರು. ಆಫರ್ ಲೆಟರ್ ಹೋಗಿತ್ತು, ಅವಳು ಹಳೆಯ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟಾಗಿತ್ತು. ಈಗ ಫೋನು ಮಾಡಿ, ತಾನು ಗರ್ಭಿಣಿ ಎಂದು ತಾನಾಗಿಯೇ ಹೇಳಿದ್ದಾಳೆ. ಮುಚ್ಚಿಡುವುದು ಸರಿಯಲ್ಲ ಅನ್ನಿಸಿತಂತೆ.

"ಸಾಹೇಬರು ಆಫರ್ ವಾಪಸ್ ತಗೋಬೇಕು ಅಂತಿದ್ದಾರೆ. ಆಗುತ್ತಾ?" ಎಂದು ಕೇಳಿದಳು ಕವಿತಾ. ಅವಳ ಮುಖ ನೋಡಿದರೆ, ಆಗಲ್ಲ ಅನ್ನು ಎಂದು ಬೇಡುವ ಹಾಗಿತ್ತು.

ಪ್ರಶ್ನೆಯನ್ನು ಮೂರಕ್ಕೂ ಹಾಕಿದೆ. ಮೊದಲನೆಯದು ನೂರಾರು ತೀರ್ಪುಗಳನ್ನು ತಂದು ಸುರಿಯಿತು. ಅಭಿಪ್ರಾಯವೇನಿಲ್ಲ, ನೀನೇ ಓದಿಕೋ. ಎರಡನೆಯದು ನಮ್ಮ ಬಿಲ್ಡಿಂಗ್ ಸೆಕ್ರೆಟರಿಯ ಹಾಗೆ: ಆಗಬಹುದು, ಆಗದೆಯೂ ಇರಬಹುದು, ಸಂದರ್ಭ ನೋಡಬೇಕು. ಮೂರನೆಯದರಲ್ಲಿ ಎಐ ಇತ್ತು. ಕಾಫಿ ಗುಟುಕರಿಸುವಷ್ಟರಲ್ಲಿ ಅಚ್ಚುಕಟ್ಟಾದ ಉತ್ತರ ಬಂತು. ಕೆಲಸಕ್ಕೆ ಸೇರುವ ಮೊದಲು ಕಂಪನಿ ಆಫರನ್ನು ಹಿಂದಕ್ಕೆ ಪಡೆಯಬಹುದು. ಕೆಳಗೆ ಹೈಕೋರ್ಟಿನ ಒಂದು ತೀರ್ಪು, ಅದರದೇ ಒಂದು ಸಾಲು.

ಅಷ್ಟರಲ್ಲಿ ಡೈರೆಕ್ಟರ್ ನನ್ನ ಹಿಂದೆ ಬಂದು ನಿಂತಿದ್ದರು.

"ಅರೆ ವಾಹ್! ಮೇಡಂ, ಯಹೀ ಲೇ ಲೋ," ಇದನ್ನೇ ತಗೊಳ್ಳಿ ಅಂದರು. ಸಾಫ್ಟ್‌ವೇರನ್ನೋ, ಉತ್ತರವನ್ನೋ? ಎರಡನ್ನೂ ಇರಬೇಕು. ನಾಳೆ ಮಧ್ಯಾಹ್ನದೊಳಗೆ ಆ ಹುಡುಗಿಗೆ ಕಳಿಸಬೇಕಾದ ಮೇಲ್ ಬರೆದಿಡಿ ಎಂದು ಹೇಳಿ ಹೊರಟುಹೋದರು.

ನಾನು ಸಂಜೆ ಗ್ರಾಂಟ್ ರೋಡಿಗೆ ಹೋದೆ. ಕರಿಕೋಟು ತೊಟ್ಟ ಹೊಸದರಲ್ಲಿ ನನಗೆ ಕೆಲಸ ಕಲಿಸಿದ ಸೀನಿಯರ್ ರೈಗಳ ಆಫೀಸು ಅಲ್ಲಿದೆ. ಹಳೇ ಕಾಲದವರು. ಯಂತ್ರ ಗಿಂತ್ರ ನಂಬಬೇಡ, ಪುಸ್ತಕ ತೆಗೆ ಎಂದು ಬೈಯುತ್ತಾರೆ, ನನಗೂ ಧೈರ್ಯ ಬರುತ್ತದೆ ಎಂಬ ಲೆಕ್ಕಾಚಾರ.

ಹೋಗಿ ನೋಡಿದರೆ ಅವರ ಟೇಬಲ್ ಮೇಲೆ ಅದೇ ಮೂರನೆಯ ಸಾಫ್ಟ್‌ವೇರ್!

"ಎಂತ ಮಾರಾಯ್ತಿ, ನೀನಿನ್ನೂ ತಗೊಳ್ಲಿಲ್ವಾ?" ಅಂದರು. "ಕಣ್ಣು ಆಪರೇಶನ್ ಆದ ಮೇಲೆ ನಂಗೆ ಸಣ್ಣ ಅಕ್ಷರ ಸರಿ ಕಾಣುದಿಲ್ಲ. ಇದು ಗಟ್ಟಿಯಾಗಿ ಓದಿ ಹೇಳ್ತದೆ. ಈ ಪ್ರಾಯದಲ್ಲಿ ನಂಗೆ ಬೇರೆ ಎಂತ ಬೇಕು?"

"ತಪ್ಪು ಹೇಳಿದ್ರೆ ಸರ್?"

"ಜೂನಿಯರ್‌ಗಳು ತಪ್ಪು ಹೇಳುದಿಲ್ವಾ? ನೀನು ಎಷ್ಟು ಹೇಳಿದ್ದಿ!"

ಇಡ್ಲಿ ತರಿಸಿದರು, ತಿಂದೆ. ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಸ್ಟೇಷನ್ನಿಗೆ ನಡೆದೆ.

ಸ್ಲೋ ಲೋಕಲ್‌ನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಆ ಹೈಕೋರ್ಟಿನ ತೀರ್ಪನ್ನು ಫೋನಿನಲ್ಲಿ ತೆರೆದು ಮೊದಲಿನಿಂದ ಓದತೊಡಗಿದೆ. ಕೋರ್ಟಿನ ಇಂಗ್ಲಿಷು ನಿಮಗೆ ಗೊತ್ತಲ್ಲ, ಒಂದು ವಾಕ್ಯ ಮುಗಿಯುವಷ್ಟರಲ್ಲಿ ಮುಂದಿನ ಸ್ಟೇಷನ್ ಬರುತ್ತದೆ. ದಾದರ್ ದಾಟಿದ ಮೇಲೆ ಆ ಸಾಲು ಸಿಕ್ಕಿತು. ಅಕ್ಷರಕ್ಕೆ ಅಕ್ಷರ ಅದೇ. ಆದರೆ ಅದು ನ್ಯಾಯಾಧೀಶರ ಮಾತಾಗಿರಲಿಲ್ಲ. ಕಂಪನಿಯ ಪರ ವಕೀಲರು ಹೀಗೆ ವಾದಿಸಿದರು ಎಂದು ನ್ಯಾಯಾಧೀಶರು ಬರೆದುಕೊಂಡ ಸಾಲು ಅದು. ಒಂದೆರಡು ಪುಟ ಮುಂದೆ ಹೋದರೆ ಆ ವಾದವನ್ನು ತಳ್ಳಿಹಾಕಿ, ಆಫರ್ ಕಳೆದುಕೊಂಡಿದ್ದ ಗರ್ಭಿಣಿ ಹೆಂಗಸಿನ ಪರವಾಗಿ ತೀರ್ಪು ಕೊಟ್ಟಿದ್ದರು.

ಸೋತವನ ಮಾತನ್ನೇ ಯಂತ್ರ ತೀರ್ಪು ಅಂದಿತ್ತು. ಅದೂ ಎಷ್ಟು ಚೆಂದದ ಭಾಷೆಯಲ್ಲಿ!

ಮೇಲ್ ಇನ್ನೂ ಹೋಗಿರಲಿಲ್ಲ, ನಿಜ. ಆದರೆ ಅದರ ಅರ್ಧ ಕರಡನ್ನು ನಾನು ಆಫೀಸಿನಲ್ಲೇ ಬರೆದಿಟ್ಟು ಬಂದಿದ್ದೆ.

ಮರುದಿನ ಬೆಳಿಗ್ಗೆ ಆ ಪುಟಗಳನ್ನು ಪ್ರಿಂಟ್ ತೆಗೆದು ಡೈರೆಕ್ಟರ್ ಮುಂದಿಟ್ಟೆ. ಎರಡು ಸಲ ಓದಿದರು. "ಲೇಕಿನ್ ಮಷೀನ್ ನೇ ತೋ ಬೋಲಾ ಥಾ," ಯಂತ್ರವೇ ಹೇಳಿತ್ತಲ್ಲ ಅಂದರು, ಅದು ತಮಗೆ ಮಾತು ಕೊಟ್ಟು ತಪ್ಪಿದೆ ಎಂಬಂತೆ. ಆಫರ್ ವಾಪಸ್ ಪಡೆದರೆ ನಾಳೆ ಇದೇ ತೀರ್ಪು ಹಿಡಿದುಕೊಂಡು ಅವಳ ವಕೀಲರು ಬರುತ್ತಾರೆ ಎಂದೆ. ಪ್ರಿಂಟನ್ನು ಮಡಚಿ ನನ್ನತ್ತ ತಳ್ಳಿದರು. "ಠೀಕ್ ಹೈ. ಆನೇ ದೋ." ಸರಿ, ಬರಲಿ ಅಂತ.

ಮನಸ್ಸು ಕರಗಿತೋ, ಕೇಸಿಗೆ ಹೆದರಿದರೋ? ಹೊರಗೆ ಕಾಯುತ್ತಿದ್ದ ಕವಿತಾ ನನ್ನ ಕೈ ಹಿಡಿದುಕೊಂಡಳು.

ಸ್ನೇಹಾ ಸೋಮವಾರ ಸೇರಿದಳು. ಲಿಫ್ಟಿನಲ್ಲಿ ಸಿಕ್ಕಿ, ಕ್ಯಾಂಟೀನಿನಲ್ಲಿ ಖಾರವಿಲ್ಲದ್ದು ಏನು ಸಿಗುತ್ತೆ ಎಂದು ಕೇಳಿದಳು. ಮೊಸರನ್ನ ಎಂದೆ. ತನ್ನ ಬಗ್ಗೆ ಒಳಗೆ ಏನೇನು ನಡೆಯಿತು ಎಂಬುದು ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಈಗ ಸಾಫ್ಟ್‌ವೇರ್ ವಿಷಯ. ಮೂರನೆಯದರ ಮೇಲೆ ಸಿಟ್ಟು ಬಂದಿತ್ತು. ಅದರಲ್ಲಿ ಕೆಳಮುಖದ ಹೆಬ್ಬೆರಳಿನ ಗುರುತು ಇದೆ, ಅದನ್ನು ಒತ್ತಿ ಅದೇ ಪ್ರಶ್ನೆ ಮತ್ತೆ ಕೇಳಿದೆ. ಈ ಸಲ ಆಫರ್ ವಾಪಸ್ ಪಡೆಯುವಂತಿಲ್ಲ ಅಂದಿತು. ಅದೇ ತೀರ್ಪು, ಅದೇ ಆತ್ಮವಿಶ್ವಾಸ. ಜಗಳವಾಡಿದರೆ ನನ್ನ ಗಂಡನೂ ಇಷ್ಟು ಬೇಗ ತಪ್ಪು ಒಪ್ಪಿಕೊಳ್ಳುವುದಿಲ್ಲ!

ಬಿಟ್ಟುಬಿಡೋಣ ಎಂದುಕೊಂಡೆ. ಆಗ ಇನ್ನೊಂದು ಯೋಚನೆ ಬಂತು. ಆ ತೀರ್ಪನ್ನು ಹುಡುಕಿಕೊಟ್ಟಿದ್ದು ಯಾರು? ಇದೇ. ಮೊದಲನೆಯದರ ನೂರಾರರ ರಾಶಿಯಲ್ಲಿ ಅದು ತಳದಲ್ಲೆಲ್ಲೋ ಬಿದ್ದಿತ್ತು, ನನ್ನ ಕೈಗೆ ಸಿಗುತ್ತಿರಲಿಲ್ಲ. ಎರಡನೆಯದು ಅದರ ಹೆಸರನ್ನೂ ಎತ್ತಿರಲಿಲ್ಲ. ಸರಿಯಾದ ಬಾಗಿಲಿಗೆ ಕರೆದುಕೊಂಡು ಹೋಗಿ ತಪ್ಪು ಮನೆಯವರನ್ನು ಪರಿಚಯಿಸುವ ಇದನ್ನು ಏನು ಮಾಡುವುದು?

ಕೊನೆಗೆ ಮೂರನೆಯದನ್ನೇ ತೆಗೆದುಕೊಂಡೆವು. ಹೌದು, ಅದನ್ನೇ. ಸಹಿ ಹಾಕುವಾಗ ಹೇಳಿದೆ, "ಸರ್, ಇದು ಏನೇ ಹೇಳಿದರೂ ಪೂರ್ತಿ ತೀರ್ಪನ್ನು ನಾನು ಓದಿಯೇ ಓದುತ್ತೇನೆ, ಅದಕ್ಕೆ ಸಮಯ ಕೊಡಬೇಕು."

ಡೈರೆಕ್ಟರ್ ಪೆನ್ನು ಹಿಡಿದುಕೊಂಡೇ ನನ್ನನ್ನು ನೋಡಿದರು. ತಮ್ಮ ಹಿಂದಿಯಲ್ಲೇ ಕೇಳಿದರು:

"ಮೇಡಂ, ಓದೋಕೆ ಟೈಮಿಲ್ಲ ಅಂತ ತಾನೇ ನೀವು ಇದನ್ನ ಕೇಳಿದ್ದು?"