ಸೊಸೆ ಕೇಳಿಸಿಕೊಂಡ ಉಕ್ಕು

ನನ್ನ ಸೊಸೆಯ ಸುದ್ದಿ ಎತ್ತಿದರೆ ಸಾಕು, ಬಾಯಿಗೆ ಬೀಗ ಹಾಕಿಕೊಳ್ಳುವವಳಲ್ಲ ನಾನು. ಮಿಕ್ಕ ಅತ್ತೆಯರು ಬೇಕಾದರೆ ಹೊಟ್ಟೆ ಉರಿದುಕೊಳ್ಳಲಿ.

ನಮ್ಮ ಮನೆಯವರು ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಯಂತ್ರಗಳ ಉಕ್ಕಿನ ಶಾಫ್ಟುಗಳನ್ನು ತಿರುಗುವ ಕಲ್ಲಿಗೆ ಹಿಡಿದು ಗ್ರೈಂಡಿಂಗ್ ಮಾಡುತ್ತಾರೆ. ಅವನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವವಳು ನಾನು. ಸೊಸೆ ಅಲ್ಲಿ ಕೆಲಸಕ್ಕೆ ಸೇರಿದ್ದು ಹೋದ ತಿಂಗಳು, ಹೊಸದಾಗಿ ತಂದ ಪರೀಕ್ಷೆಯ ಯಂತ್ರದ ಜೊತೆ. ಆಯಸ್ಕಾಂತ ಕೂರಿಸಿದ ಪುಟ್ಟ ಹಿಡಿಯೊಂದನ್ನು ಅವಳು ಶಾಫ್ಟಿನ ಮೇಲೆ ಸರಿಸಿದರೆ ಸ್ಪೀಕರಿನಲ್ಲಿ ಉಕ್ಕು ಚಟಪಟ ಅನ್ನುತ್ತದೆ. ಗ್ರೈಂಡಿಂಗ್‌ನಲ್ಲಿ ವಿಪರೀತ ಕಾದ ಜಾಗದಲ್ಲಿ ಉಕ್ಕಿನೊಳಗೆ ಒಂದು ಎಳೆತ ಉಳಿದುಬಿಡುತ್ತದಂತೆ. ಮೇಲೆ ಎಷ್ಟೇ ಫಳಫಳ ಹೊಳೆದರೂ ಮುಂದೊಂದು ದಿನ ಬಿರುಕು ಬಿಡುವುದು ಅಲ್ಲೇ. ಅಂಥ ಜಾಗದಲ್ಲಿ ಸದ್ದು ಜೋರು.

"ಉಕ್ಕು ಮಾತಾಡುತ್ತಂತೆ! ನನ್ನ ಕಣ್ಣಿಗೆ ಕಾಣದ್ದು ಇವಳ ಡಬ್ಬಿಗೆ ಕೇಳ್ಸುತ್ತಾ?" ಎಂದು ನಮ್ಮ ಮನೆಯವರು ಮೀಸೆ ತಿರುವಿದರು.

ಮಾಲೀಕರು ಸೊಸೆಗೆ ಕಡ್ಡಿ ಮುರಿದ ಹಾಗೆ ಹೇಳಿದರು: "ನಿಮ್ಮ ಮಾವ ಒಪ್ಪಿದ್ರೆ ಯಂತ್ರಾನೂ ಇರುತ್ತೆ, ನಿಮ್ಮ ಕೆಲ್ಸಾನೂ ಇರುತ್ತೆ. ಇಲ್ಲಾಂದ್ರೆ ಎರಡೂ ಇಲ್ಲ."

ನಮ್ಮ ಮನೆಯವರು ಪಂದ್ಯ ಕಟ್ಟಿದರು. ಹತ್ತು ಶಾಫ್ಟ್ ಮಾಡಿ, ಒಂದನ್ನು ಬೇಕಂತಲೇ ಕಲ್ಲಿನಲ್ಲಿ ವಿಪರೀತ ಕಾಯಿಸಿ ಸುಟ್ಟು, ಗುರುತು ಸಿಗದ ಹಾಗೆ ಪಾಲಿಷ್ ಹಾಕಿ ಮೇಜಿನ ಮೇಲೆ ಸಾಲಾಗಿಟ್ಟರು. ಸೊಸೆ ತುಟಿ ಕಚ್ಚಿಕೊಂಡು ಒಂದೊಂದನ್ನೇ ನೋಡಿದಳು. ನಾಲ್ಕನೆಯದು ಜೋರಾಗಿ ಚಟಪಟ ಎಂದಿತು. ಇವರ ಮುಖ ಸಣ್ಣದಾಯಿತು. ಅಷ್ಟರಲ್ಲಿ ಒಂಬತ್ತನೆಯದೂ ಅಷ್ಟೇ ಜೋರಾಗಿ ಚಟಪಟ!

"ಮಾವ, ಎರಡು ಸುಟ್ಟಿವೆ."

"ಸುಟ್ಟಿದ್ದು ಒಂದೇ ಕಣಮ್ಮ! ಒಂಬತ್ತನೇದು ಅಪ್ಪಟ ಚಿನ್ನ. ಸಿಕ್ಕಿಬಿದ್ಯಾ?"

"ಕೆಲ್ಸ ಹೋದ್ರೆ ಹೋಗ್ಲಿ ಮಾವ. ಎರಡು ಅಂದ್ರೆ ಎರಡೇ."

ಎರಡನ್ನೂ ಆಸಿಡ್‌ಗೆ ಅದ್ದಿದರು. ಸುಟ್ಟ ಜಾಗ ಅದರಲ್ಲಿ ಕಪ್ಪಾಗುತ್ತದೆ. ಇವರು ನಂಬುವ ಹಳೆಯ ಪರೀಕ್ಷೆ ಅದು. ಎರಡರ ಮೇಲೂ ಕಪ್ಪು ಕಲೆ ಎದ್ದಿತು. ಗ್ರೈಂಡಿಂಗ್ ಕಲ್ಲು ಮೊಂಡಾಗಿ ಉಕ್ಕನ್ನು ಕಾಯಿಸುತ್ತಿದ್ದುದು ಇವರಿಗೆ ಗೊತ್ತೇ ಆಗಿರಲಿಲ್ಲ.

ಒಂಬತ್ತನೆಯದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ಬಿದ್ದು ಬಿದ್ದು ನಕ್ಕರು. "ಮೂವತ್ತು ವರ್ಷದಲ್ಲಿ ನನ್ನ ತಪ್ಪು ಹಿಡಿದೋರು ಒಬ್ರೂ ಇರ್ಲಿಲ್ಲ ಕಣಮ್ಮ! ಭೇಷ್!"

ಮಾಲೀಕರು ಬಾಯಿ ತೆರೆಯುವ ಮೊದಲೇ ಇವರು ನನ್ನತ್ತ ತಿರುಗಿದರು. "ಲೇ, ನಿನ್ನೆ ಕಟ್ಟಿದ ಪೆಟ್ಟಿಗೆ ಎಲ್ಲಾ ಬಿಚ್ಚು. ಒಂದೊಂದನ್ನೂ ಇವಳೇ ನೋಡ್ಲಿ."

ಹದಿನಾರು ಪೆಟ್ಟಿಗೆ! ಸೊಂಟ ಬಿದ್ದುಹೋಯಿತು. ಆದರೂ ಕುಣಿದುಕೊಂಡು ಬಿಚ್ಚಿದೆ.