ಹಾಲಿ ಬೆಲೆ

ಒಂದೇ ಕಾರಿಗೆ ಮೂರು ಊರಲ್ಲಿ ಮೂರು ಬೆಲೆ ಇದ್ದದ್ದು ನೆನಪಿದೆ. ವರ್ಷ ನೆನಪಿಲ್ಲ. ನಿಜಾಮನ ಆಳ್ವಿಕೆ ಮುಗಿದಿತ್ತು, ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು. ಅಷ್ಟು ಸಾಕು.

ನಾನು ಹೊಳೆಯಾಚೆ, ನಿಜಾಮನ ಸೀಮೆಯಲ್ಲಿ ಹುಟ್ಟಿ ಕುರುಗೋಡಿಗೆ ಮಾಸ್ತರನಾಗಿ ಬಂದವನು. ಊರಲ್ಲಿ ಎಲ್ಲರೂ ನಮಸ್ಕಾರ ಹೇಳುತ್ತಿದ್ದರು, ಮಾತಾಡುತ್ತಿದ್ದವನು ಒಬ್ಬನೇ. ಸಿರುಗುಪ್ಪದಿಂದ ಕುರುಗೋಡು ಸುತ್ತಿ ಬಳ್ಳಾರಿಗೆ ಹೋಗುವ ಬಸ್ಸಿನ ಡ್ರೈವರ್ ಅವನು. ಇಂಜಿನ್ ತಣ್ಣಗಾಗುವ ಅರ್ಧ ಗಂಟೆ ನನ್ನ ಕಟ್ಟೆಯ ಮೇಲೆ ಕೂರುತ್ತಿದ್ದ. ಉಳಿದ ಹೊತ್ತೆಲ್ಲ ಆ ಅರ್ಧ ಗಂಟೆಗೆ ಕಾಯುತ್ತಿದ್ದೆ ಎಂದು ಬರೆದರೆ ಹೆಚ್ಚಾಯಿತು. ಎಷ್ಟು ಕಡಿಮೆ ಮಾಡಬೇಕೆಂದು ತಿಳಿಯುತ್ತಿಲ್ಲ.

ಬಸ್ಸಿನ ಮಾಲಕ ಬಸ್ಸು ಮಾರಲು ಹೊರಟಿದ್ದ. ಡ್ರೈವರ್ ದೇಶನೂರಿನ ತನ್ನ ಗದ್ದೆ ಮಾರಿ ಏಳೂವರೆ ಸಾವಿರ ಕೂಡಿಸಿದ್ದ. ಹೊಸ ಕಾರು ಸಿಕ್ಕರೆ ಕುರುಗೋಡಿನಲ್ಲೇ ಇದ್ದು ಬಾಡಿಗೆ ಓಡಿಸುವುದು, ಸಿಗದಿದ್ದರೆ ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಲಾರಿ ಓಡಿಸಲು ಹೋಗುವುದು. ಅವನಿಗೆ ಓದಲು ಬಾರದು. ಮದ್ರಾಸಿಗೂ ರಾಯಚೂರಿಗೂ ಬೆಲೆ ಕೇಳಿ ಕಾಗದ ಬರೆದವನು ನಾನು.

ಮದ್ರಾಸಿನವರು ಎಂಟು ಸಾವಿರ ಎಂದು ಬರೆದರು. ಆ ಕಾಗದ ಹಿಡಿದು ಇಬ್ಬರೂ ಬಳ್ಳಾರಿಯ ಏಜೆಂಟನ ಬಳಿಗೆ ಹೋದೆವು. ಅವನ ಬೆಲೆ ಎಂಟು ಸಾವಿರದ ಆರುನೂರು.

"ಮದ್ರಾಸಿನ್ಯಾಗ ಆರ್ನೂರು ಕಡಿಮಿ ಐತಲ್ರೀ," ಅಂದೆ.

"ಮದ್ರಾಸಿನ್ಯಾಗ ಸಮುದ್ರಾನೂ ಪುಕ್ಕಟೆ ಐತ್ರಿ ಮಾಸ್ತರ. ಬಳ್ಳಾರಿಗೆ ತರಸ್ರಿ, ನೋಡೋಣ."

"ರೈಲಿನ ಬಾಡಿಗಿ ಆರ್ನೂರಾ?" ಡ್ರೈವರ್ ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಕಾರು ಏನು ಫಸ್ಟ್ ಕ್ಲಾಸಿನ್ಯಾಗ ಕಾಲಮ್ಯಾಲೆ ಕಾಲು ಹಾಕ್ಕೊಂಡು ಬಂತೇನ್ರಿ?"

ಏಜೆಂಟನೂ ನಕ್ಕ. ಇರುವುದು ಅದೊಂದೇ ಕಾರು, ಶನಿವಾರದವರೆಗೆ ತಡೆಯುತ್ತೇನೆ, ಕಡಿಮೆ ಬಿದ್ದದ್ದನ್ನು ಕಂತಿನಲ್ಲಿ ಕೊಡಿ ಎಂದ. ಕಂತು ಎಂದೊಡನೆ ಡ್ರೈವರ್ ಮುಖ ಸಣ್ಣದಾಯಿತು.

ಗುರುವಾರ ರಾಯಚೂರಿನ ಕಾಗದ ಬಂತು: ಹಾಲಿ ಬೆಲೆ ಎಂಟು ಸಾವಿರದ ನಾನೂರು.

"ಹಾಲಿನೋ, ಕಲ್ದಾರೋ?" ಅವನು ಕೇಳಿದ ಮೊದಲ ಮಾತು. ನಮ್ಮ ಕಡೆ ಯಾರಾದರೂ ಅದನ್ನೇ ಕೇಳುತ್ತಿದ್ದರು. ಹಾಲಿ ಎಂದರೆ ನಿಜಾಮನ ರೂಪಾಯಿ, ಹೊಳೆಯಾಚೆ ಇನ್ನೂ ಚಲಾವಣೆಯಲ್ಲಿತ್ತು. ಕಲ್ದಾರ್ ಎಂದರೆ ಈಚೆಯ, ಇಂಡಿಯಾ ಸರ್ಕಾರದ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್.

"ಹಾಲಿ. ಇಲ್ಲೇ ಬರದಾರ. ನಮ್ಮ ಲೆಕ್ಕಕ್ಕ ಏಳು ಸಾವಿರದ ಇನ್ನೂರು ಆಕ್ಕೈತಿ."

"ಸಾಲ ಇಲ್ದ ಕಾರು! ಲೇ ಮಾಸ್ತರ, ದಿನಾ ಸಂಜಿಗೆ ನಿಮ್ಮನ್ನ ಮುಂದಿನ ಸೀಟಿನ್ಯಾಗ ಕುಂದರಿಸಿಗೊಂಡು ಹೊಳಿಮಟ ಹೋಗಿ ಬರ್ತೀನಿ." ಅವನು ನನ್ನನ್ನು 'ಲೇ' ಅಂದದ್ದು ಅದೊಂದೇ ಸಲ.

ಬಳ್ಳಾರಿಯ ಕಾರು ಬೇಡವೆಂದು ಹೇಳಿ, ಗುಂತಕಲ್ಲಿನ ಮೇಲೆ ರೈಲಿನಲ್ಲಿ ರಾಯಚೂರಿಗೆ ಹೋದ. ನನಗೆ ಸಾಲೆ ಇತ್ತು. ಭಾನುವಾರ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತ.

"ಹಾಲಿ ಅಂದ್ರ ಈಗಿನ ಬೆಲಿ ಅಂತ್ರಿ. ಮುಂದಿನ ತಿಂಗಳು ಏರ್ತೈತಂತ. ರೊಕ್ಕ ಕಲ್ದಾರೇ ಬೇಕಂತ, ಕಂತೂ ಇಲ್ಲಂದ್ರು." ಆಮೇಲೆ ನಕ್ಕ. "ನಿಮ್ಮ ಹಾಲಿಗೆ ಹುಳಿ ಬಿತ್ತಲ್ರೀ ಮಾಸ್ತರ."

ಮರುದಿನ ಸಾಲೆಗೆ ರಜೆ ಹಾಕಿ, ಕಂತಾದರೂ ಸರಿ ಎಂದು ಬಳ್ಳಾರಿಗೆ ಓಡಿದೆವು. ಕಾರು ಹತ್ತಿ ವ್ಯಾಪಾರಿಯೊಬ್ಬನ ಪಾಲಾಗಿತ್ತು. ಇನ್ನೊಂದು ಬರಲು ಆರು ತಿಂಗಳಾಗಬಹುದು ಎಂದ ಏಜೆಂಟ್.

ಇದನ್ನು ಪೆದ್ದು ಮಾಸ್ತರನ ತಪ್ಪು ಎಂದು ಮುಗಿಸಿಬಿಡಬಹುದು. ಬಹಳ ವರ್ಷ ಹಾಗೇ ಹೇಳಿಕೊಂಡು ಬಂದೆ, ಕೇಳಿದವರೂ ನಕ್ಕರು. ಆದರೆ 'ಹಾಲಿ' ಎಂದರೆ 'ಈಗಿನ' ಎಂದು ನಾನೇ ಮಕ್ಕಳಿಗೆ ಕಾಗದ ಬರೆಯುವುದನ್ನು ಕಲಿಸುವಾಗ ಹೇಳಿಕೊಡುತ್ತಿದ್ದೆ. ಆ ಗುರುವಾರ ಆ ಮಾತಿನ ಬಳಿ ಒಂದು ಕ್ಷಣ ಓದು ನಿಲ್ಲಿಸಿದ್ದೆನೇ? ಒಂದು ನೆನಪಿನಲ್ಲಿ ನಿಲ್ಲಿಸುತ್ತೇನೆ. ಇನ್ನೊಂದರಲ್ಲಿ ಇಲ್ಲ. ಒಂದು ತಂತಿ ಕಳಿಸಿ ಕೇಳಬಹುದಿತ್ತು, ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು. ಅವನು ನನ್ನ ಮುಖ ನೋಡುತ್ತಿದ್ದ. ಹಾಗೆ ನನ್ನನ್ನು ನೋಡುವವರು ಬೇರೆ ಯಾರೂ ಇರಲಿಲ್ಲ. ಯಾವ ನೆನಪು ನಿಜವೋ, ಯಾವುದನ್ನು ನಾನು ಆಮೇಲೆ ಕಟ್ಟಿಕೊಂಡೆನೋ, ಗೊತ್ತಿಲ್ಲ.

ಅವನು ಬೈಯಲಿಲ್ಲ. ಹದಿನೈದು ದಿನಕ್ಕೆ ಬಸ್ಸು ಮಾರಾಟವಾಯಿತು, ಅವನು ಅಣೆಕಟ್ಟಿಗೆ ಹೋದ. ಹೊಸ ಡ್ರೈವರ್ ಕುರುಗೋಡಿನಲ್ಲಿ ಇಂಜಿನ್ ಆರಿಸುತ್ತಿರಲಿಲ್ಲ.

ಒಂದು ಭಾನುವಾರ ಅವನಿಗೆ ಕಾಗದ ಬರೆಯಲು ಕೂತೆ. ತಂತಿ ಕಳಿಸದೆ ಇದ್ದದ್ದನ್ನೂ ಬರೆದೆ. ವಿಳಾಸ ಬರೆಯುವಾಗ ಹೊಳೆಯಿತು: ಲಾರಿ ಶೆಡ್ಡಿನಲ್ಲಿ ಇದನ್ನು ಯಾರೋ ಒಬ್ಬರು ಅವನಿಗೆ ಓದಿ ಹೇಳಬೇಕು. ಅವರು ಹೇಗೆ ಓದುತ್ತಾರೋ, ಎಲ್ಲಿ ನಿಲ್ಲಿಸುತ್ತಾರೋ. ಕಾಗದವನ್ನು ಟಪಾಲಿಗೆ ಹಾಕಲಿಲ್ಲ.